ಶಾಂಬೋನ್‌ನಲ್ಲಿ ಮನೆ ಹುಡುಕುತ್ತಿರುವ ತಂಗಿಗೆ

ತಂಗೀ,

ನಿನ್ನ ಕಾಗದ ಬಂತು. ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನಾನೂ ನೀನು ಎಂದೇ ಬರೆಯುತ್ತೇನೆ. ನಿನ್ನ ಯಜಮಾನರಿಗೆ ಫ್ರಾನ್ಸಿನ ಸೇಂತ್-ಸಿಗೊಲೆನ್‌ನ ಪ್ಲಾಸ್ಟಿಕ್ ಫಿಲ್ಮ್ ಕಾರ್ಖಾನೆಯಲ್ಲಿ ಕೆಲಸವಾಗಿದೆ, ನೀವು ಮೇಲಿನ ಲ ಶಾಂಬೋನ್ ಸ್ಯುರ್ ಲಿನ್ಯೋನ್‌ನಲ್ಲಿ ಬಾಡಿಗೆ ಮನೆ ನೋಡುತ್ತಿದ್ದೀರಿ ಎಂದು ತಿಳಿದು ತುಂಬಾ ಖುಷಿಯಾಯಿತು. ನಾನು ಸಂಸಾರ ಹೂಡಿ ನೆಲೆ ನಿಂತ ಊರು ಅದು. ನಿನಗಿರುವ ಅಳುಕು ಮೂರು. ಸುಮಾರು ಎರಡೂವರೆ ಸಾವಿರ ಜನರ ಊರಿನಲ್ಲಿ ನಮ್ಮ ಬಣ್ಣ, ನಮ್ಮ ಪೂಜೆ ಪುನಸ್ಕಾರ ಎದ್ದು ಕಾಣುವುದಿಲ್ಲವೇ? ಆ ಕಡೆಯ ಜನ ಹೊಸಬರನ್ನು ಮಾತಾಡಿಸುವುದೇ ಇಲ್ಲವಂತೆ, ನಿಜವೇ? ನಾಲ್ಕು ವರ್ಷದ ಮಗನನ್ನು ಕಟ್ಟಿಕೊಂಡು ನಾನೊಬ್ಬಳೇ ದಿನವಿಡೀ ಏನು ಮಾಡಲಿ?

ಎರಡನೆಯದರಿಂದ ಶುರುಮಾಡುತ್ತೇನೆ, ಯಾಕೆಂದರೆ ಉಳಿದ ಎರಡಕ್ಕೂ ಉತ್ತರ ಅದರಲ್ಲೇ ಇದೆ. ಹೌದು, ಇಲ್ಲಿಯವರು ಮಾತಿಗೆ ಬೇಗ ಬರುವವರಲ್ಲ. ಯಾವ ಊರು, ಮಕ್ಕಳೆಷ್ಟು, ಸಂಬಳವೆಷ್ಟು ಎಂದು ಯಾರೂ ಕೇಳುವುದಿಲ್ಲ. ಬೋಂಜೂರ್ ಎಂದು ಮುಂದೆ ಹೋಗುತ್ತಾರೆ. ನಮ್ಮ ಕಡೆಯಿಂದ ಬಂದವರಿಗೆ ಇದು ತಾತ್ಸಾರ ಎಂದೇ ಅನ್ನಿಸುತ್ತದೆ. ಆದರೆ ಈ ಊರಿನಲ್ಲಿ ಕೇಳದೆ ಇರುವುದು ಒಂದು ಮರ್ಯಾದೆ. ಪ್ರಶ್ನೆ ಕೇಳದೆ ಬಾಗಿಲು ತೆರೆಯುವ ಅಭ್ಯಾಸ ಇವರಿಗೆ ಹೇಗೆ ಬಂತು ಎಂದು ಗೊತ್ತಾದರೆ ಆ ಮೌನದ ಜೊತೆ ಬಾಳುವುದು ನಿನಗೆ ಸುಲಭವಾಗುತ್ತದೆ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳದೆ ಓದು.

ಊರು ಇರುವುದು ಓತ್-ಲ್ವಾರ್ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸು ಎತ್ತರದ ಪ್ರಸ್ಥಭೂಮಿಯ ಮೇಲೆ. ಮಗ್ಗುಲಲ್ಲಿ ಲಿನ್ಯೋನ್ ಹೊಳೆ, ದಕ್ಷಿಣಕ್ಕೆ 1,753 ಮೀಟರಿನ ಮೆಜೆಂಕ್ ಶಿಖರ. ಫ್ರಾನ್ಸ್ ಆಗ ಬಹುಪಾಲು ಕ್ಯಾಥೊಲಿಕ್ ದೇಶವಾಗಿತ್ತು, ಆದರೆ ಈ ಪ್ರಸ್ಥಭೂಮಿಯವರು 16ನೇ ಶತಮಾನದಲ್ಲೇ ಪ್ರೊಟೆಸ್ಟೆಂಟರಾದರು. 1598ರಲ್ಲಿ ನಾಂತ್ ಶಾಸನದ ಮೂಲಕ ನಾಲ್ಕನೇ ಹೆನ್ರಿ ಅವರಿಗೆ ಕೊಟ್ಟಿದ್ದ ರಕ್ಷಣೆಯನ್ನು 1685ರಲ್ಲಿ ಹದಿನಾಲ್ಕನೇ ಲೂಯಿ ಕಿತ್ತುಕೊಂಡ. ಪಾದ್ರಿಗಳು ದೇಶ ಬಿಡಬೇಕಾಯಿತು, ಗುಟ್ಟಾಗಿ ಪ್ರಾರ್ಥನೆಗೆ ಸೇರಿ ಸಿಕ್ಕಿಬಿದ್ದ ಗಂಡಸರು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಹೋದರು, ಹೆಂಗಸರು ಜೈಲಿಗೆ. ಪಕ್ಕದ ವಿವಾರೆ ಸೀಮೆಯ ಮಾರೀ ದ್ಯೂರಾಂ ಎಂಬ ಹುಡುಗಿಯನ್ನು 1730ರಲ್ಲಿ ಎಗ್-ಮೋರ್ತ್ ಊರಿನ ಗೋಪುರದಲ್ಲಿ ಕೂಡಿಹಾಕಿದರು. ಧರ್ಮ ಬಿಡುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಬಿಟ್ಟುಬಿಡುತ್ತಿದ್ದರು. ಹೇಳಲಿಲ್ಲ. ಹೊರಗೆ ಬಂದದ್ದು 1768ರಲ್ಲಿ, 38 ವರ್ಷ ಕಳೆದ ಮೇಲೆ. 1787ರ ಸಹಿಷ್ಣುತಾ ಶಾಸನ ಬರುವ ತನಕ, ನೂರು ವರ್ಷ, ಇಲ್ಲಿಯವರು ಕಾಡಿನ ಬಯಲಿನಲ್ಲಿ, ಒಂಟಿಮನೆಗಳ ಕೊಟ್ಟಿಗೆಯಲ್ಲಿ ಕದ್ದು ಪ್ರಾರ್ಥನೆ ಮಾಡಿದರು. ರಾತ್ರಿ ಬಂದವನು ಯಾರು, ಬೆಳಗಾಗುವ ಮೊದಲು ಎಲ್ಲಿಗೆ ಹೋದ ಎಂಬುದು ಪಕ್ಕದ ಮನೆಗೂ ಗೊತ್ತಾಗಬಾರದಿತ್ತು. ನಾಲ್ಕು ತಲೆಮಾರು ಹೀಗೆ ಬದುಕಿದ ಜನಕ್ಕೆ ಮಾತು ಕಡಿಮೆಯಾದದ್ದು ಸಹಜ.

ಮುಂದಿನ ಅಧ್ಯಾಯವನ್ನು ಜನ ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ, ನನಗೆ ಮಾತ್ರ ಅದು ಬಹಳ ಮುಖ್ಯ. ಕೆಳಗೆ ಸೇಂತ್-ಎತಿಯೆನ್ ಕಲ್ಲಿದ್ದಲು ಗಣಿಯ ಪಟ್ಟಣ. ಅಲ್ಲಿಯ ಹೊಗೆಯಲ್ಲಿ ಬಡವರ ಮಕ್ಕಳು ಕೆಮ್ಮಿ ಸೊರಗುತ್ತಿದ್ದವು. ಲೂಯಿ ಕೋಂತ್ ಎಂಬ ಪಾದ್ರಿ 1893ರಲ್ಲಿ ಒಂದು ಸಂಸ್ಥೆ ಕಟ್ಟಿ, ಆ ಮಕ್ಕಳನ್ನು ಬೇಸಿಗೆಗೆ ಈ ಮೇಲಿನ ರೈತರ ಮನೆಗಳಿಗೆ ಕಳಿಸತೊಡಗಿದರು. ಒಳ್ಳೆಯ ಗಾಳಿ, ಹಾಲು, ರೊಟ್ಟಿ. 1902ರಲ್ಲಿ ಪುಟ್ಟ ಹಳಿಯ ರೈಲು ಬಂತು, ಅದರ ಹಿಂದೆ ಬೇಸಿಗೆ ಕಳೆಯಲು ಬರುವ ಸಂಸಾರಗಳು ಬಂದವು, ಅವರಿಗಾಗಿ ಊರ ತುಂಬ ವಸತಿಮನೆಗಳು, ಮಕ್ಕಳ ಶಿಬಿರಗಳು ಎದ್ದವು. ಯಾರದೋ ಮಗುವನ್ನು ತಮ್ಮ ಮೇಜಿಗೆ ಕೂರಿಸಿ ಊಟ ಹಾಕುವುದು ಇಲ್ಲಿಯ ರೈತ ಹೆಂಗಸರಿಗೆ ಮಾಮೂಲಾಯಿತು. ಅದರಿಂದ ನಾಲ್ಕು ಕಾಸು ಬರುತ್ತಿತ್ತು ಎನ್ನುವುದೂ ನಿಜ. ಇದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ. ಹೊಟ್ಟೆಪಾಡು, ದಯೆ ಎರಡೂ ಒಂದೇ ಮನೆಯಲ್ಲಿ ಇರಬಲ್ಲವು.

ಆಮೇಲೆ ಯುದ್ಧ ಬಂತು. 1939ರಲ್ಲಿ ಸ್ಪೇನಿನ ಅಂತರ್ಯುದ್ಧದಿಂದ ಓಡಿಬಂದವರು, ಅವರ ಹಿಂದೆ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಯಹೂದಿಗಳು. 1940ರ ಜೂನ್ 22ರಂದು ಫ್ರಾನ್ಸ್ ಸೋತು ಜರ್ಮನಿಯ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಊರಿನ ಪ್ರಾರ್ಥನಾ ಮಂದಿರದಲ್ಲಿ ಪಾದ್ರಿಗಳಾದ ಆಂದ್ರೆ ತ್ರೋಕ್ಮೆ ಮತ್ತು ಎದುವಾರ್ ತೈಸ್, ಆತ್ಮಸಾಕ್ಷಿಯ ಮೇಲೆ ಬೀಳುವ ಬಲಾತ್ಕಾರವನ್ನು ಆತ್ಮದ ಆಯುಧಗಳಿಂದಲೇ ಎದುರಿಸುವುದು ಕ್ರೈಸ್ತರ ಕರ್ತವ್ಯ ಎಂದು ಸಾರಿದರು. ಇಬ್ಬರೂ ಹಿಂಸೆಯನ್ನು ಒಪ್ಪದವರು. 1938ರಲ್ಲಿ ಇಲ್ಲಿ ಹೊಸ ಶಾಲೆ ತೆರೆದಿದ್ದವರೂ ಅವರೇ, ಮುಂದೆ ಅದು ಕೊಲೆಜ್ ಸೆವೆನೋಲ್ ಎಂದು ಹೆಸರಾಯಿತು. ಆ ಮಂದಿರದ ಬಾಗಿಲ ಮೇಲೆ ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬ ಬೈಬಲ್ಲಿನ ಮಾತು ಕೆತ್ತಿದೆ. ಮನೆ ನೋಡಲು ಬಂದಾಗ ನಿಂತು ಓದು.

ಮುಂದಿನ ನಾಲ್ಕು ವರ್ಷ ನಡೆದದ್ದನ್ನು ಹೊರಗಿನವರು ತ್ರೋಕ್ಮೆಯವರ ಕಥೆ ಎಂದು ಹೇಳುತ್ತಾರೆ. ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಪಾದ್ರಿಯಿಂದ ಆಗುವ ಕೆಲಸ ಅದಲ್ಲ. ಹಣ, ಕಾಗದಪತ್ರಗಳಿಗೆ ಸ್ವಿಟ್ಜರ್ಲೆಂಡಿನ ನೆರವು ಸಂಸ್ಥೆಗಳು, ಅಮೆರಿಕದ ಕ್ವೇಕರರು ಎಂಬ ಶಾಂತಿವಾದಿ ಕ್ರೈಸ್ತರು, ಸಿಮಾದ್ ಎಂಬ ಪ್ರೊಟೆಸ್ಟೆಂಟ್ ಸಂಘ ಇದ್ದವು. ಮಲಗಲು ಜಾಗ, ಊಟಕ್ಕೆ ಆಲೂಗಡ್ಡೆ ಕೊಟ್ಟದ್ದು ಮಾತ್ರ ಶಾಂಬೋನ್, ಮಾಜೆ, ತಾನ್ಸ್ ಸುತ್ತಿನ ನೂರಾರು ಒಂಟಿಮನೆಗಳು. ಅವುಗಳಲ್ಲಿ ಕ್ಯಾಥೊಲಿಕರ ಮನೆಗಳೂ ಇದ್ದವು. ಚಳಿಗಾಲಕ್ಕೆ ಖಾಲಿ ಬೀಳುತ್ತಿದ್ದ ಬೇಸಿಗೆಯ ವಸತಿಮನೆಗಳು ಆಗ ಕೆಲಸಕ್ಕೆ ಬಂದವು. ಪೊಲೀಸರು ಗುಡ್ಡ ಹತ್ತುತ್ತಿದ್ದಾರೆ ಎಂಬ ಸುದ್ದಿ ಬಂದರೆ ಮಕ್ಕಳು ಕಾಡಿಗೆ, ಹೋದ ಮೇಲೆ ಮತ್ತೆ ಮನೆಗೆ. ಆಸ್ಕರ್ ರೊಸೊವ್‌ಸ್ಕಿ ಎಂಬ ಹತ್ತೊಂಬತ್ತು ಇಪ್ಪತ್ತರ ಹುಡುಗ, ಡಾಕ್ಟರಾಗಬೇಕೆಂದಿದ್ದವನು, ಇಲ್ಲಿಯ ರೈತರ ಮನೆಯಲ್ಲಿ ಅಡಗಿ ಕೂತು ನಕಲಿ ಗುರುತುಚೀಟಿ ತಯಾರಿಸುತ್ತಿದ್ದ. ಮೊಹರು, ಕಾಗದಗಳನ್ನು ಬಚ್ಚಿಡುತ್ತಿದ್ದದ್ದು ಆ ಮನೆಯ ಜೇನುಪೆಟ್ಟಿಗೆಗಳಲ್ಲಿ. ಯುದ್ಧ ಮುಗಿದ ಮೇಲೆ ಆತ ಡಾಕ್ಟರೇ ಆದ.

1942ರ ಆಗಸ್ಟಿನಲ್ಲಿ, ಜರ್ಮನಿಯ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಯುವಜನ ಖಾತೆಯ ಮುಖ್ಯಸ್ಥ ಲಾಮಿರಾಂ ಭೇಟಿಗೆ ಬಂದ. ಶಾಲೆಯ ಹಿರಿಯ ವಿದ್ಯಾರ್ಥಿಗಳು ಅವನ ಕೈಗೆ ಒಂದು ಪತ್ರ ಕೊಟ್ಟರು. ಪ್ಯಾರಿಸ್ಸಿನಲ್ಲಿ ಯಹೂದಿಗಳನ್ನು ಹಿಡಿದದ್ದು ನಮಗೆ ಗೊತ್ತು, ನಮ್ಮಲ್ಲೂ ಯಹೂದಿಗಳಿದ್ದಾರೆ, ನಮಗೆ ಆ ಭೇದವಿಲ್ಲ, ಹಿಡಿಯಲು ಬಂದರೆ ಅಡಗಿಸುತ್ತೇವೆ ಎನ್ನುವ ಅರ್ಥದ ಪತ್ರ. ಎರಡೇ ವಾರದಲ್ಲಿ ಪೊಲೀಸರು ಬಸ್ಸು ತಂದು ಊರು ಜಾಲಾಡಿದರು, ಬಸ್ಸು ಹೆಚ್ಚುಕಮ್ಮಿ ಖಾಲಿಯೇ ಹೋಯಿತು. 1943ರ ಫೆಬ್ರವರಿಯಲ್ಲಿ ತ್ರೋಕ್ಮೆ, ತೈಸ್ ಮತ್ತು ಊರಿನ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯ ದಾರ್ಸಿಸಾಕ್ ಮೂವರನ್ನೂ ಹಿಡಿದು ಶಿಬಿರದಲ್ಲಿಟ್ಟು, ಕೆಲವು ವಾರಗಳ ನಂತರ ಬಿಟ್ಟರು. ತ್ರೋಕ್ಮೆಯವರನ್ನು ಕರೆದೊಯ್ಯಲು ಬಂದ ಪೊಲೀಸರಿಗೆ ಅವರ ಹೆಂಡತಿ ಮಗ್ದಾ ಊಟ ಬಡಿಸಿದರು. ಊಟದ ಹೊತ್ತಾಗಿತ್ತು, ಮನೆಗೆ ಬಂದಿದ್ದರು, ಅಷ್ಟೇ ಕಾರಣ.

ಎಲ್ಲರೂ ಉಳಿಯಲಿಲ್ಲ. 1943ರ ಜೂನ್ 29ರ ಬೆಳಿಗ್ಗೆ ಹಿಟ್ಲರನ ರಹಸ್ಯ ಪೊಲೀಸ್ ದಳ ಗೆಸ್ಟಾಪೊ ರೋಶ್ ಎಂಬ ವಿದ್ಯಾರ್ಥಿನಿಲಯಕ್ಕೆ ನುಗ್ಗಿತು. ಅದರ ಹೊಣೆ ಹೊತ್ತಿದ್ದವರು ತ್ರೋಕ್ಮೆಯವರ ಬಂಧು ದಾನಿಯೆಲ್ ತ್ರೋಕ್ಮೆ. ಅವರು ಆಗ ಬೇರೆ ಮನೆಯಲ್ಲಿದ್ದರು, ತಪ್ಪಿಸಿಕೊಳ್ಳಬಹುದಿತ್ತು. ಹುಡುಗರನ್ನು ಬಿಡಲಾರೆ ಎಂದು ತಾವೇ ನಡೆದು ಹೋದರು. 1944ರ ಏಪ್ರಿಲಿನಲ್ಲಿ ನಾಜಿಗಳ ಮೈದಾನೆಕ್ ಸೆರೆಶಿಬಿರದಲ್ಲಿ ಸತ್ತರು. ಊರಿನ ವೈದ್ಯ ರೋಜೆ ಲ ಫೋರೆಸ್ತಿಯೆಯವರನ್ನು ಅದೇ ವರ್ಷದ ಆಗಸ್ಟ್ 20ರಂದು ಲಿಯೋಂ ಹತ್ತಿರ ಗುಂಡಿಟ್ಟು ಕೊಂದರು. ಇಲ್ಲಿ ಈ ಹೆಸರುಗಳನ್ನು ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ಯಾರೂ ಮರೆತಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಯುದ್ಧ ಮುಗಿದ ಮೇಲೆ ಈ ಜನ ಏನು ಮಾಡಿದರು ಗೊತ್ತೇ? ಏನೂ ಹೇಳದೆ ಆಲೂಗಡ್ಡೆ ಬೆಳೆಯಲು ಹೋದರು. ಮಂದಿರದ ಎದುರಿನ ಗೋಡೆಗೆ ಒಂದು ಫಲಕ ಬಂದದ್ದು 1979ರಲ್ಲಿ, ಅದನ್ನೂ ಹಾಕಿಸಿದವರು ಇಲ್ಲಿ ಅಡಗಿ ಜೀವ ಉಳಿಸಿಕೊಂಡಿದ್ದ ಯಹೂದಿಗಳು. 1990ರಲ್ಲಿ ಯಹೂದಿಗಳ ನರಮೇಧದ ನೆನಪು ಕಾಯುವ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಒಬ್ಬಿಬ್ಬರಿಗಲ್ಲ, ಶಾಂಬೋನ್ ಮತ್ತು ಸುತ್ತಲಿನ ಊರುಗಳ ಜನಕ್ಕೆಲ್ಲ ಸೇರಿಸಿ ಗೌರವಪತ್ರ ಕೊಟ್ಟಿತು. 2004ರಲ್ಲಿ ಆಗಿನ ಫ್ರಾನ್ಸ್ ಅಧ್ಯಕ್ಷ ಶಿರಾಕ್ ಬಂದು ಭಾಷಣ ಮಾಡಿ ಹೋದರು. 2013ರಲ್ಲಿ ಮಂದಿರದ ಎದುರಿಗೇ ಸ್ಮಾರಕ ಮ್ಯೂಸಿಯಂ ತೆರೆಯಿತು. ಆ ಕಾಲದಲ್ಲಿ ಬಾಗಿಲು ತೆರೆದಿದ್ದವರನ್ನು ಯಾರಾದರೂ ಬಂದು ಕೇಳಿದರೆ, ಬೇರೆ ಏನು ಮಾಡಬೇಕಿತ್ತು ಎಂದು ತಿರುಗಿ ಕೇಳುತ್ತಿದ್ದರಂತೆ. ಅವರ ಮಕ್ಕಳು ಮೊಮ್ಮಕ್ಕಳೇ ಈಗ ನಿನಗೆ ಬ್ರೆಡ್ಡು ಮಾರುವವರು, ನಿನ್ನ ಮಗನಿಗೆ ಪಾಠ ಹೇಳುವವರು. ನಿನ್ನ ಬಗ್ಗೆ ಪ್ರಶ್ನೆ ಕೇಳುವುದಿಲ್ಲ ಎಂದರೆ ನಿನ್ನನ್ನು ಕಂಡಿಲ್ಲ ಎಂದಲ್ಲ.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಎರಿಕ್ ಶ್ವಾಮ್ ಎಂಬ ವಿಯೆನ್ನಾದ ಹುಡುಗ ಯುದ್ಧಕಾಲದಲ್ಲಿ ತಂದೆತಾಯಿಯ ಜೊತೆ ಇಲ್ಲಿಗೆ ಬಂದು ಉಳಿದ, ಇಲ್ಲೇ ಓದಿದ, ಆಮೇಲೆ ಲಿಯೋಂ ಕಡೆ ಬದುಕು ಕಟ್ಟಿಕೊಂಡ. 2020ರ ಡಿಸೆಂಬರಿನಲ್ಲಿ ತನ್ನ 90ನೇ ವಯಸ್ಸಿನಲ್ಲಿ ತೀರಿಕೊಂಡಾಗ ತನ್ನ ಆಸ್ತಿಯನ್ನು ಊರಿಗೆ ಬರೆದಿಟ್ಟಿದ್ದ, ಮಕ್ಕಳ ಓದಿಗೆ, ಯುವಕರಿಗೆ ಬಳಸಿ ಎಂದು. ಸುಮಾರು ಇಪ್ಪತ್ತು ಲಕ್ಷ ಯೂರೊ. ಅಷ್ಟು ವರ್ಷ ಆತನೂ ಸದ್ದು ಮಾಡಿರಲಿಲ್ಲ. ಊರಿನ ಗುಣ ಆತನಿಗೂ ಬಂದಿತ್ತು ಎಂದುಕೊಳ್ಳುತ್ತೇನೆ.

ಈ ಗುಣ ದಿನನಿತ್ಯದಲ್ಲಿ ಹೇಗಿರುತ್ತದೆ ಎಂದು ನನ್ನ ಮನೆ ಅಂಗಳದಲ್ಲೇ ತೋರಿಸುತ್ತೇನೆ. ಇಲ್ಲಿ ಸೌದೆಯನ್ನು ಘನಮೀಟರಿನ ಲೆಕ್ಕದಲ್ಲಿ ಕೊಳ್ಳಬೇಕು. ಟ್ರ್ಯಾಕ್ಟರಿನವನು ತಂದು ಅಂಗಳದಲ್ಲಿ ಸುರಿದು ಹೋಗುತ್ತಾನೆ, ಪೇರಿಸುವುದು ನಮ್ಮ ಕೆಲಸ. ನಾವು ಬಂದ ಮೊದಲ ಶರತ್ಕಾಲದಲ್ಲಿ ಹಾಗೆ ಒಂದು ಗುಡ್ಡೆ ಬಿದ್ದಿತ್ತು. ಪಕ್ಕದ ಮನೆಯ ಅಜ್ಜ ಬೇಲಿ ದಾಟಿ ಬಂದರು. ತೊಗಲಿನ ಕೈಗವಸು ಹಾಕಿಕೊಂಡು ಬಂದಿದ್ದರು, ಅಂದರೆ ಮನೆಯಿಂದಲೇ ನಿಶ್ಚಯ ಮಾಡಿ ಹೊರಟಿದ್ದರು. ಬೋಂಜೂರ್ ಎಂದರು. ನೆಲಕ್ಕೆ ಎರಡು ಉದ್ದ ಕಂಬ ಹಾಸಿ, ಗೋಡೆಯಿಂದ ಒಂದು ಗೇಣು ಬಿಟ್ಟು, ತುದಿಗಳಲ್ಲಿ ಸೌದೆಯನ್ನು ಅಡ್ಡ ಉದ್ದ ಕಟ್ಟುತ್ತಾ, ನಡುವೆ ಗಾಳಿಯಾಡುವಂತೆ ಪೇರಿಸತೊಡಗಿದರು. ನಾನು ಒಂದನ್ನು ತಪ್ಪಾಗಿ ಇಟ್ಟರೆ ಏನೂ ಅನ್ನದೆ ತಿರುಗಿಸಿ ಇಡುವರು. ಮೇಲಿನ ಸಾಲಿಗೆ ತೊಗಟೆ ಮೇಲ್ಮುಖವಾಗಿರಬೇಕು, ನೀರು ಜಾರಿ ಹೋಗಲಿ ಎಂದು. ಕತ್ತಲಾಗುವ ಹೊತ್ತಿಗೆ ಮುಗಿಯಿತು. ಕಾಫಿ ಕುಡಿದು ಹೋಗಿ ಎಂದೆ, ಕುಡಿದರು, ಮಳೆಯ ಬಗ್ಗೆ ಎರಡು ಮಾತಾಡಿ ಹೊರಟರು. ನಾವು ಯಾವ ದೇಶದವರು ಎಂದು ಅವರು ಕೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ನಾನು ಕೊಟ್ಟ ಕೋಡುಬಳೆಯ ಡಬ್ಬಿ ವಾಪಸು ತಂದಾಗ. ಖಾಲಿ ಡಬ್ಬಿ ತಂದಿರಲಿಲ್ಲ, ಅದರ ತುಂಬ ಕಾಡಿನ ಮಿರ್ತಿ ಹಣ್ಣು, ಆ ಸಣ್ಣ ನೀಲಿ ಬೆರ್ರಿ, ಇತ್ತು.

ಹಾಗಾಗಿ ನಿನಗೆ ನನ್ನ ಸಲಹೆ: ಸ್ನೇಹವನ್ನು ಮಾತಿನಿಂದ ಶುರುಮಾಡಬೇಡ, ಕೆಲಸದಿಂದ ಶುರುಮಾಡು. ಅದಕ್ಕೆ ಇಲ್ಲಿ ದಾರಿ ಬೇಕಾದಷ್ಟಿವೆ. ಫ್ರಾನ್ಸಿನ ಹಳ್ಳಿಯ ಜೀವ ಇರುವುದು ಸಂಘಗಳಲ್ಲಿ. 1901ರ ಜುಲೈ 1ರ ಕಾಯ್ದೆಯಂತೆ ಇಬ್ಬರು ಸೇರಿದರೂ ಸಂಘ ಕಟ್ಟಬಹುದು. ಹಾಡುವವರದು, ನಡೆಯುವವರದು, ಹೊಲಿಯುವವರದು, ಹಬ್ಬ ಮಾಡಿಸುವವರದು, ವಲಸೆ ಬಂದವರಿಗೆ ಫ್ರೆಂಚ್ ಹೇಳಿಕೊಡುವವರದು ಎಂದು ಪುಟ್ಟ ಊರಿನಲ್ಲೂ ಹತ್ತಾರು ಇರುತ್ತವೆ. ಸೆಪ್ಟೆಂಬರಿನ ಶುರುವಿಗೆ ಸಂಘಗಳೆಲ್ಲ ಒಂದೇ ಕಡೆ ಮೇಜು ಹಾಕಿ ಸದಸ್ಯರನ್ನು ಸೇರಿಸಿಕೊಳ್ಳುವ ದಿನವೊಂದು ಇರುತ್ತದೆ. ಸಾಧ್ಯವಾದರೆ ಅಷ್ಟರೊಳಗೆ ಬಂದುಬಿಡಿ. ಒಂದೇ ಒಂದು ಸಂಘಕ್ಕೆ ಸೇರು, ಆದರೆ ತಪ್ಪಿಸಬೇಡ. ಕುರ್ಚಿ ಜೋಡಿಸಲು ಬೇಗ ಹೋಗು, ಲೋಟ ತೊಳೆಯಲು ಕೊನೆಯ ತನಕ ನಿಲ್ಲು. ಹಾಗೆ ನಿಂತವರ ಹೆಸರು ಇವರಿಗೆ ಬೇಗ ಬಾಯಿಗೆ ಬರುತ್ತದೆ.

ಊರಿನ ಆಡಳಿತ ನಡೆಯುವ ಕಚೇರಿ ಮೇರಿ. ಬಂದ ವಾರವೇ ಹೋಗಿ ಪರಿಚಯ ಹೇಳಿಕೊ. ಮಗುವನ್ನು ಶಾಲೆಗೆ ಸೇರಿಸುವುದೂ ಅಲ್ಲಿಂದಲೇ. ಆರು ವರ್ಷಕ್ಕೊಮ್ಮೆ ಊರಿನವರು ಸದಸ್ಯರನ್ನು ಆರಿಸುತ್ತಾರೆ, ಅವರು ಮೇಯರನ್ನು ಆರಿಸುತ್ತಾರೆ. ಫ್ರೆಂಚ್ ಅಥವಾ ಯುರೋಪ್ ಒಕ್ಕೂಟದ ಪೌರತ್ವ ಬರುವ ತನಕ ನಮಗೆ ಮತವಿಲ್ಲ. ಆದರೂ ಸಭೆಗಳು ಎಲ್ಲರಿಗೂ ತೆರೆದಿರುತ್ತವೆ, ಹಿಂದಿನ ಸಾಲಿನಲ್ಲಿ ಕೂತು ಕೇಳಬಹುದು. ನೀರಿನ ಕೊಳವೆ, ರಸ್ತೆಯ ಹಿಮ, ಶಾಲೆಯ ಛಾವಣಿ ಎಂದು ಅವರು ವಾದಿಸುವುದನ್ನು ಕೇಳಿದರೆ ಭಾಷೆಯೂ ಬರುತ್ತದೆ, ಊರೂ ಅರ್ಥವಾಗುತ್ತದೆ. ನವೆಂಬರ್ 11ರಂದು ಯುದ್ಧಸ್ಮಾರಕದ ಎದುರು ಸತ್ತವರ ಹೆಸರು ಓದುತ್ತಾರೆ, ಆ ದಿನ ಹೋಗಿ ನಿಲ್ಲು. ಅಗ್ನಿಶಾಮಕದವರು ವರ್ಷದ ಕೊನೆಗೆ ಕ್ಯಾಲೆಂಡರ್ ಹಿಡಿದು ಮನೆಮನೆಗೆ ಬರುತ್ತಾರೆ, ಒಳಗೆ ಕರೆದು ಮಾತಾಡಿಸಿ ಕೊಂಡುಕೊ. ಈ ದೇಶದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಸ್ವಯಂಸೇವಕರು. ಹಿಮದ ರಾತ್ರಿ ನಿನ್ನ ಮನೆಗೆ ಮೊದಲು ಮುಟ್ಟುವವನು ಬಡಗಿಯೋ ಮೇಷ್ಟರೋ ಆಗಿರಬಹುದು.

ನಿನಗೆ ಓದುವ ಹುಚ್ಚಿದೆ ಎಂದು ಬರೆದಿದ್ದೀಯ, ಹಾಗಾದರೆ ಈ ಊರು ನಿನ್ನದೇ. 1980ರಲ್ಲಿ ಇಬ್ಬರು ಇಲ್ಲಿಯ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಶೇನ್ ಎಂಬ ಪ್ರಕಾಶನ ತೆರೆದು, ಸೀಸದ ಅಚ್ಚುಮೊಳೆ ಜೋಡಿಸಿ ಕವಿತೆಯ ಪುಸ್ತಕ ಮುದ್ರಿಸತೊಡಗಿದರು. ಆಗಸ್ಟಿನಲ್ಲಿ ಪ್ರಸ್ಥಭೂಮಿಯ ಮೇಲೆ ಮರದಡಿ ಕೂತು ಕವಿತೆ ಓದುವ ಹಬ್ಬ ಹುಟ್ಟಿದ್ದೂ ಅದರಿಂದಲೇ. ನಾನು ಸಾಗರದ ಕಡೆಯವಳು. ಅಡಿಕೆ ತೋಟದ ನಡುವೆ ಹೆಗ್ಗೋಡಿನಲ್ಲಿ ನಾಟಕವನ್ನೂ ಪುಸ್ತಕವನ್ನೂ ಊರಿನ ಕೆಲಸವೆಂಬಂತೆ ನಡೆಸಿದ್ದನ್ನು ಕಂಡು ಬೆಳೆದವಳು, ಇಲ್ಲಿ ಹುಲ್ಲಿನ ಮೇಲೆ ಕೂತು ಕವಿತೆ ಕೇಳುವ ರೈತರನ್ನು ನೋಡಿದಾಗ ನನಗೆ ಪರಸ್ಥಳ ಅನ್ನಿಸಲಿಲ್ಲ. ಕಾದಂಬರಿಕಾರ ಆಲ್ಬೇರ್ ಕಾಮು ಕ್ಷಯದ ಚಿಕಿತ್ಸೆಗೆಂದು 1942ರಲ್ಲಿ ಬಂದು ತಂಗಿದ್ದು ಪಕ್ಕದ ಪನೆಲಿಯೆ ಎಂಬ ಹಳ್ಳಿಯಲ್ಲಿ, ನಡೆದು ಹೋಗಬಹುದಾದಷ್ಟು ದೂರ.

ಮಗನ ವಿಷಯದಲ್ಲಿ ಚಿಂತೆ ಬೇಡ. 2019ರಿಂದ ಮೂರು ವರ್ಷ ತುಂಬಿದ ಮಗುವಿಗೆ ಶಾಲೆ ಕಡ್ಡಾಯ, ಸರ್ಕಾರಿ ಶಾಲೆ ಉಚಿತ. ಮಾಧ್ಯಮಿಕ ಶಾಲೆಯ ತನಕ ಊರಲ್ಲೇ ಇದೆ, ಅಲ್ಲಿಂದ ಮುಂದೆ ಇಸ್ಸಿಂಜೊ ಕಡೆಗೆ ಬಸ್ಸಿನಲ್ಲಿ ಹೋಗಬೇಕು. ಶಾಲೆಯ ಊಟದಲ್ಲಿ ವಾರಕ್ಕೆ ಒಂದು ದಿನ ಮಾಂಸ ಮೀನು ಇಲ್ಲದ ಊಟ ಕೊಡಬೇಕೆಂದು ಕಾನೂನಿದೆ. ಉಳಿದ ದಿನಗಳಿಗೆ ಏನು ಮಾಡಬಹುದೆಂದು ಸೇರಿಸುವ ದಿನವೇ ಕೇಳಿಬಿಡು. ಇನ್ನು ನಿನ್ನ ಮಗನೊಬ್ಬನೇ ಬೇರೆ ಬಣ್ಣದವನಾಗಿರುತ್ತಾನೆ ಎಂದುಕೊಂಡಿದ್ದೀಯ. ಹಾಗಿಲ್ಲ. ಆಶ್ರಯ ಕೋರಿ ದೇಶದೇಶಗಳಿಂದ ಓಡಿಬಂದವರಿಗೆ ಸರ್ಕಾರದ ವಸತಿ ಕೇಂದ್ರವೊಂದು ಇದೇ ಊರಿನಲ್ಲಿದೆ, ಅಲ್ಲಿಯ ಮಕ್ಕಳೂ ಇದೇ ಶಾಲೆಗೆ ಬರುತ್ತಾರೆ. ನಾವು ನಮ್ಮಿಷ್ಟದಿಂದ, ವೀಸಾ ಹಿಡಿದು, ವಿಮಾನದಲ್ಲಿ ಬಂದವರು. ಅವರ ಕಷ್ಟ ಬೇರೆ. ಶಾಲೆಯ ಗೇಟಿನಲ್ಲಿ ಆ ತಾಯಂದಿರನ್ನು ಮೊದಲು ಮಾತಾಡಿಸುವವಳು ನೀನಾಗು.

ಪೂಜೆ, ಕುಂಕುಮದ ಬಗ್ಗೆ ಕೇಳಿದ್ದೀಯ. ಮನೆಯಲ್ಲಿ ದೀಪ ಹಚ್ಚು, ಗಣಪತಿ ಕೂರಿಸು, ಯಾರೂ ಏನೂ ಅನ್ನುವುದಿಲ್ಲ. 1905ರ ಕಾನೂನಿನಿಂದ ಇಲ್ಲಿ ಸರ್ಕಾರ ಬೇರೆ, ಧರ್ಮ ಬೇರೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಎದ್ದುಕಾಣುವ ಧರ್ಮಚಿಹ್ನೆ ಧರಿಸುವಂತಿಲ್ಲ, ಅದು ಎಲ್ಲ ಧರ್ಮಗಳಿಗೂ ಒಂದೇ ನಿಯಮ. ತಮ್ಮ ಪ್ರಾರ್ಥನೆಯನ್ನೇ ನೂರು ವರ್ಷ ಕದ್ದು ಮಾಡಿದವರ ಊರು ಇದು, ಇನ್ನೊಬ್ಬರ ದೇವರಕೋಣೆಗೆ ಕೈ ಹಾಕುವ ಬುದ್ಧಿ ನಾನು ಇಲ್ಲಿ ಕಂಡಿಲ್ಲ.

ಅಡುಗೆಗೆ ತೊಗರಿಬೇಳೆ, ಕರಿಬೇವು, ಹುಣಸೆ ಬೇಕೆಂದರೆ ಸೇಂತ್-ಎತಿಯೆನ್ ಅಥವಾ ಲಿಯೋಂಗೆ ಹೋದಾಗ ಒಟ್ಟಿಗೆ ತಂದಿಟ್ಟುಕೊ. ಜಿಲ್ಲಾಕೇಂದ್ರ ಲ ಪುಯಿಯ ಹಸಿರು ಮಸೂರ ನಮ್ಮ ಜಿಲ್ಲೆಯಲ್ಲೇ ಬೆಳೆಯುವುದು, 1996ರಿಂದ ಅದಕ್ಕೆ ಮೂಲಸ್ಥಾನದ ಮುದ್ರೆಯೂ ಇದೆ. ಬೆಂದರೂ ಕಾಳು ಒಡೆಯುವುದಿಲ್ಲ, ಹಾಗಾಗಿ ಸಾರಿಗೆ ಹಾಕಬೇಡ, ಉಸಲಿ ಮಾಡು. ಶರತ್ಕಾಲದಲ್ಲಿ ಎಲ್ಲರೂ ಕಾಡಿಗೆ ಅಣಬೆ ಕೀಳಲು ಹೋಗುತ್ತಾರೆ. ಕಾಡು ಬಹುಪಾಲು ಖಾಸಗಿಯವರದು, ಅಣಬೆ ಜಮೀನಿನ ಒಡೆಯನದು ಎಂದು ಕಾನೂನು. ಕೇಳಿ ಹೋಗು, ಒಬ್ಬಳೇ ಹೋಗಬೇಡ. ಕಿತ್ತದ್ದನ್ನು ಬಾಣಲೆಗೆ ಹಾಕುವ ಮೊದಲು ಔಷಧಿ ಅಂಗಡಿಗೆ ಕೊಂಡೊಯ್ದು ತೋರಿಸು. ವಿಷದ ಅಣಬೆ ಗುರುತಿಸಲು ಫ್ರಾನ್ಸಿನ ಫಾರ್ಮಸಿಸ್ಟರಿಗೆ ಓದುವಾಗಲೇ ತರಬೇತಿ ಕೊಟ್ಟಿರುತ್ತಾರೆ.

ಕಷ್ಟಗಳನ್ನೂ ಹೇಳಬೇಕು. ಮೊದಲನೆಯದು ಬುರ್ಲ್. ಚಳಿಗಾಲದಲ್ಲಿ ಉತ್ತರದಿಂದ ಬೀಸುವ ಗಾಳಿ. ಹಿಮ ಬೀಳುವುದು ದೊಡ್ಡದಲ್ಲ, ಬಿದ್ದ ಹಿಮವನ್ನು ಆ ಗಾಳಿ ಎತ್ತಿ ತಂದು ರಸ್ತೆಯ ತಿರುವಿನಲ್ಲಿ ಎದೆಮಟ್ಟ ರಾಶಿ ಹಾಕುತ್ತದೆ, ಎದುರಿಗೆ ಹತ್ತು ಮಾರು ಕಾಣುವುದಿಲ್ಲ. ನವೆಂಬರ್ 1ರಿಂದ ಮಾರ್ಚ್ 31ರ ತನಕ ಈ ಗುಡ್ಡದ ರಸ್ತೆಗಳಲ್ಲಿ ಹಿಮದ ಟೈರು ಅಥವಾ ಸರಪಳಿ ಕಡ್ಡಾಯ. ನಿನ್ನ ಯಜಮಾನರು ದಿನಾ ಕಾರ್ಖಾನೆಗೆ ಇಳಿದು ಹತ್ತಬೇಕು, ಟೈರಿಗೆ ಕಂಜೂಸಿ ಬೇಡ. ನೀನೂ ಕಾರು ಓಡಿಸಲು ಕಲಿ. ನಮ್ಮ ದೇಶದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಒಂದು ವರ್ಷದ ತನಕ ಮಾತ್ರ ನಡೆಯುತ್ತದೆ. ಹಳೆಯ ಪುಟ್ಟ ರೈಲು 1968ರಲ್ಲೇ ನಿಂತಿತು, ಈಗ ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ಮಾತ್ರ ಒಂದು ತುಂಡು ಹಳಿಯ ಮೇಲೆ ಓಡುತ್ತದೆ. ಕಾರು ಬಾರದ ಹೆಂಗಸಿಗೆ ಜನವರಿಯಲ್ಲಿ ಮನೆಯೇ ಸೆರೆಮನೆಯಾಗುತ್ತದೆ.

ಎರಡನೆಯದು ವೈದ್ಯರು. ಗುಡ್ಡಗಾಡಿನ ಊರುಗಳಲ್ಲಿ ಹೊಸ ರೋಗಿಗಳನ್ನು ತೆಗೆದುಕೊಳ್ಳುವ ಡಾಕ್ಟರು ಸಿಗುವುದು ಕಷ್ಟ. ಬರುವ ಮೊದಲೇ ಫೋನು ಮಾಡಲು ಶುರುಮಾಡು. ಮೂರನೆಯದು ಹೇಳಲು ನನಗೇ ನೋವಾಗುತ್ತದೆ: ಕೊಲೆಜ್ ಸೆವೆನೋಲ್ 2014ರಲ್ಲಿ ಮುಚ್ಚಿತು. ಎಲ್ಲೆಲ್ಲಿಂದಲೋ ಬಂದ ಹುಡುಗ ಹುಡುಗಿಯರಿಂದ ಪೇಟೆ ಗಿಜಿಗುಡುತ್ತಿದ್ದ ಕಾಲವನ್ನು ಇಲ್ಲಿಯ ಹಿರಿಯರು ಇನ್ನೂ ನೆನೆಯುತ್ತಾರೆ. ಬೇಸಿಗೆಗೆ ಮಾತ್ರ ಕಿಟಕಿ ತೆರೆಯುವ ಮನೆಗಳು ಬಹಳ. ಅದಕ್ಕೇ ವರ್ಷವಿಡೀ ಇರುವ ಒಂದು ಸಂಸಾರ, ಶಾಲೆಗೆ ಹೋಗುವ ಒಂದು ಮಗು ಬರುತ್ತದೆಂದರೆ ಊರಿಗೆ ಅದು ಸಣ್ಣ ವಿಷಯವಲ್ಲ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಚಿಕ್ಕಪುಟ್ಟ ರೀತಿನೀತಿ ಎರಡು ಮಾತಿನಲ್ಲಿ ಹೇಳುತ್ತೇನೆ. ಅಂಗಡಿಗೆ ಕಾಲಿಟ್ಟ ತಕ್ಷಣ ಒಳಗಿದ್ದವರಿಗೆಲ್ಲ ಕೇಳುವಂತೆ ಬೋಂಜೂರ್ ಅನ್ನು, ಆಮೇಲೆ ಬೇಕಾದ್ದು ಕೇಳು. ಮಧ್ಯಾಹ್ನ ಊಟದ ಎರಡು ಗಂಟೆ ಬಾಗಿಲು ಹಾಕಿರುತ್ತಾರೆ, ಆ ಹೊತ್ತಿಗೆ ಯಾರ ಮನೆಗೂ ಹೇಳದೆ ಹೋಗಬೇಡ. ವಾರದ ಸಂತೆಗೆ ತಪ್ಪದೆ ಹೋಗು, ಪ್ರತಿಸಲವೂ ಅದೇ ಚೀಸಿನವನ ಹತ್ತಿರ, ಅದೇ ತರಕಾರಿಯವಳ ಹತ್ತಿರ ಕೊಳ್ಳು. ಮೂರನೆಯ ತಿಂಗಳಿಗೆ ಆಕೆ ನಿನಗೆಂದು ಸೊಪ್ಪು ಎತ್ತಿಟ್ಟಿರುತ್ತಾಳೆ.

ಈಗ ನೋಡಿರುವ ಎರಡು ಮನೆಗಳ ಬಗ್ಗೆ. ಹೊಳೆಯ ಹತ್ತಿರದ್ದು ಬಾಡಿಗೆ ಕಮ್ಮಿ, ಒಂಟಿಮನೆಯ ಅಂದ ಹೆಚ್ಚು, ಆದರೂ ಮೊದಲ ಚಳಿಗಾಲಕ್ಕೆ ಪೇಟೆಯೊಳಗಿನದೇ ಸರಿ ಎಂದು ನನ್ನ ಅಭಿಪ್ರಾಯ. ಶಾಲೆಗೆ, ಬ್ರೆಡ್ಡಿನ ಅಂಗಡಿಗೆ, ಗ್ರಂಥಾಲಯಕ್ಕೆ ನಡೆದು ಹೋಗುವಂತಿದ್ದರೆ ನಿನಗೆ ಜನರ ಮುಖ ಕಾಣುತ್ತದೆ. ಮನೆಯೊಡೆಯರಿಗೆ ಮೂರು ವಿಷಯ ಬರೆದು ಕೇಳು. ಬಾಗಿಲಿನ ತನಕ ಹಿಮ ತೆಗೆಯುವವರು ಯಾರು, ಊರಿನ ಯಂತ್ರವೋ ನೀವೋ? ಶಾಖದ ದರ್ಜೆ ಏನು, ಅಂದರೆ ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕೆಂದು ಎ ಇಂದ ಜಿ ತನಕ ಕೊಡುವ ಅಕ್ಷರ? ಕಾಗದದಲ್ಲಿ ಜಿ ಎಂದಿದ್ದರೆ 2025ರಿಂದ ಅಂಥ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತೆಯೇ ಇಲ್ಲ. ಹೊಗೆಗೂಡು ಈ ವರ್ಷ ಗುಡಿಸಿದ ಚೀಟಿ ಇದೆಯೇ? ಅವರು ಕೊಟ್ಟ ಉತ್ತರ ನನಗೆ ಕಳಿಸು. ಕರಾರಿಗೆ ಸಹಿ ಹಾಕುವ ಮೊದಲು ನಾನೇ ಹೋಗಿ ಎರಡೂ ಮನೆ ನೋಡಿ, ಯಾವುದರ ಬಾಗಿಲು ಬುರ್ಲ್ ಬೀಸುವ ಕಡೆಗಿದೆ ಎಂದು ಬರೆಯುತ್ತೇನೆ.